ಪಿತ್ರಾರ್ಜಿತ, ಸ್ವಯಾರ್ಜಿತ

ಕುಂಬಳೆ ಎಂದೊಡನೆ ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ನೆನಪಾಗುವವನು ಯಕ್ಷಗಾನ ಕವಿ ಪಾರ್ತಿಸುಬ್ಬ. ಉಳಿದ ಜಗತ್ತಿಗೆ ನೆನಪಾಗುವವರು ಅನಿಲ್ ಕುಂಬ್ಳೆ. ಊರ ಹೆಸರಿನ ನಡುವಣ ಅಕಾರವೊಂದು ಉಚ್ಚಾರಣೆಯಲ್ಲಿ ಲೋಪವಾಗಿ 'ಕುಂಬಳೆ'ಯು 'ಕುಂಬ್ಳೆ'ಯಾಗಿದೆ. ಅನಿಲರು ಹುಟ್ಟಿದ್ದು ಇಲ್ಲಲ್ಲ. 1970ರ ಅಕ್ಟೋಬರ್ 17ರಂದು, ಬೆಂಗಳೂರಿನಲ್ಲಿ. ಮನೆತನದ ಮೂಲವಷ್ಟೇ ಕಾಸರಗೋಡು ಜಿಲ್ಲೆಯ ಈ ಊರಿನದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಇಲ್ಲಿನ ಕನ್ನಡಿಗರು ಅವರನ್ನು ನಮ್ಮವರೆಂದು ಅಭಿಮಾನದಿಂದ ಹೇಳಿಕೊಳ್ಳುವುದು ಸಹಜವೇ. ಆದರೆ ಹೆಸರು ಪಿತ್ರಾರ್ಜಿತ. ಅದಕ್ಕೆ ಸಂದ ಮನ್ನಣೆ ಸ್ವಯಾರ್ಜಿತ.

ಆ ಗಳಿಕೆ ಸುಲಭದ್ದಾಗಿರಲಿಲ್ಲ. ಮೊದಲು ಮಧ್ಯಮ ವೇಗದ ಬೌಲರ್ ಆಗಿದ್ದ ಹುಡುಗ ಬಳಿಕ ಲೆಗ್ ಸ್ಪಿನ್‌ಗೆ ಹೊರಳಿದರು. 1990ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಇಂಗ್ಲೆಂಡಿನ ವಿರುದ್ಧ ಮೊದಲ ಟೆಸ್ಟ್ ಆಡಿದಾಗ ಅವರು ಕನ್ನಡಕ ಧರಿಸಿದ, ಇನ್ನೂ ಇಪ್ಪತ್ತು ತುಂಬದ ತರುಣ. ಎಂಜಿನಿಯರಿಂಗ್ ವ್ಯಾಸಂಗವನ್ನೂ ಅವರು ಕೈಬಿಡಲಿಲ್ಲ. 'ಇವರ ಚೆಂಡು ತಿರುಗುವುದೇ ಇಲ್ಲ' ಎಂಬ ಆಕ್ಷೇಪ ವೃತ್ತಿಜೀವನದುದ್ದಕ್ಕೂ ಬೆನ್ನು ಹತ್ತಿತ್ತು. ಅವರು ಅದಕ್ಕೆ ಮಾತಿನಲ್ಲಿ ಉತ್ತರಿಸಲು ಹೊರಡಲಿಲ್ಲ. ಪರರ ಶೈಲಿಯನ್ನು ಎರವಲು ತರಲೂ ಇಲ್ಲ. ಚೆಂಡಿನ ವೇಗ, ಪುಟಿತ, ನಿಖರತೆ ಇವನ್ನೇ ಸಾಣೆ ಹಿಡಿದರು. 1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಇನಿಂಗ್ಸಿನ ಹತ್ತೂ ವಿಕೆಟ್‌ಗಳು 74 ರನ್‌ಗಳಿಗೆ ಅವರಿಗೇ ಒಲಿದವು. ಟೆಸ್ಟ್ ಇತಿಹಾಸದಲ್ಲಿ ಅದುವರೆಗೆ ಆ ಸಾಧನೆ ಮಾಡಿದ್ದವರು ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ.

ಆದರೂ ಅಭಿಮಾನಿಗಳ ಮನಸ್ಸಿನಲ್ಲಿ ಆಳವಾಗಿ ನಿಂತ ಚಿತ್ರ ಹತ್ತು ವಿಕೆಟ್‌ಗಳದ್ದಲ್ಲ, ಒಂದೇ ವಿಕೆಟ್‌ನದು. 2002ರ ಮೇ ತಿಂಗಳು, ವೆಸ್ಟ್ ಇಂಡೀಸ್‌ನ ಆಂಟಿಗುವಾ. ಬ್ಯಾಟಿಂಗ್ ಮಾಡುವಾಗ ಮರ್ವಿನ್ ಡಿಲನ್ ಎಸೆದ ಚೆಂಡು ಬಡಿದು ದವಡೆ ಮುರಿಯಿತು. ಶಸ್ತ್ರಚಿಕಿತ್ಸೆಗಾಗಿ ಊರಿಗೆ ಮರಳುವುದು ನಿಶ್ಚಯವಾಗಿತ್ತು. ಅವರು ಮೈದಾನಕ್ಕೆ ಇಳಿಯದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೂ ತಲೆಯಿಂದ ಗಲ್ಲದವರೆಗೆ ಪಟ್ಟಿ ಬಿಗಿದುಕೊಂಡು ಬಂದು ಸತತ 14 ಓವರ್ ಎಸೆದರು. ಬ್ರಿಯಾನ್ ಲಾರಾರನ್ನು ಔಟ್ ಮಾಡಿದರು. ಆ ಪಂದ್ಯ ಡ್ರಾ ಆಯಿತು. ಫಲ ಕೈಗೆಟುಕದ ಕಡೆಯಲ್ಲಿಯೂ ತನ್ನ ಪಾಲಿನ ಕೆಲಸವನ್ನು ಮಾಡಿ ಹೊರಡುವ ಈ ನಿಷ್ಠೆಯೇ ಆ ವೃತ್ತಿಜೀವನದ ತಿರುಳು.

2007ರಲ್ಲಿ ಲಂಡನ್ನಿನ ಓವಲ್‌ನಲ್ಲಿ ಅವರು ಅಜೇಯ 110 ರನ್ ಗಳಿಸಿದರು. ಅದು ಅವರ ಮೊದಲ ಟೆಸ್ಟ್ ಶತಕ; ಕೈಗೂಡಿದ್ದು 118ನೆಯ ಪಂದ್ಯದಲ್ಲಿ, ಹದಿನೇಳು ವರ್ಷಗಳ ಬಳಿಕ. ಅದೇ ವರ್ಷ ಟೆಸ್ಟ್ ತಂಡದ ನಾಯಕತ್ವವೂ ದೊರೆಯಿತು. 2008ರ ನವೆಂಬರ್‌ನಲ್ಲಿ, ಹತ್ತು ವಿಕೆಟ್ ಪಡೆದ ಅದೇ ದೆಹಲಿಯ ಮೈದಾನದಲ್ಲಿ ನಿವೃತ್ತಿ ಘೋಷಿಸಿದಾಗ ಲೆಕ್ಕದಲ್ಲಿದ್ದುದು 132 ಟೆಸ್ಟ್, 619 ವಿಕೆಟ್. ಟೆಸ್ಟ್ ಆಟದಲ್ಲಿ ಭಾರತದ ಬೇರಾವ ಬೌಲರೂ ಅಷ್ಟು ವಿಕೆಟ್ ಗಳಿಸಿಲ್ಲ.

ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಈ ಕಥೆ ದೂರದ್ದಲ್ಲ. ಅವನಿಗೂ ಅವಳಿಗೂ ಕನ್ನಡ ಬಂದಿರುವುದು ಮನೆಯಿಂದ, ಊರಿನಿಂದ, ಹಿರಿಯರ ಹೋರಾಟದಿಂದ, ಪಿತ್ರಾರ್ಜಿತವಾಗಿ. 'ಕನ್ನಡ ಓದಿ ಏನು ಮಾಡುತ್ತೀರಿ?' ಎಂಬ ಪ್ರಶ್ನೆಯನ್ನು ಅವರೂ ದಿನವೂ ಕೇಳುತ್ತಾರೆ. ಅಭಿಮಾನವೊಂದೇ ಅದಕ್ಕೆ ಉತ್ತರವಾಗದು. ಹಳಗನ್ನಡದ ಒಂದು ಪದ್ಯವನ್ನು ಅನ್ವಯಿಸಿ ಅರ್ಥ ಬಿಡಿಸುವ ಶ್ರಮದಲ್ಲಿ, ಒಂದು ವಾಕ್ಯವನ್ನು ತಿದ್ದಿ ಮತ್ತೆ ಬರೆಯುವ ತಾಳ್ಮೆಯಲ್ಲಿ ಆ ಆಸ್ತಿ ಸ್ವಯಾರ್ಜಿತವಾಗಬೇಕು. ಕುಂಬಳೆಯು ಒಂದು ಮನೆತನಕ್ಕೆ ಹೆಸರನ್ನು ಕೊಟ್ಟಿತು. ಆ ಹೆಸರು ದುಡಿದು ಊರಿಗೆ ಮರಳಿ ಹೆಸರು ತಂದಿತು.