ವಿಶೇಷಣ ಯಾರಿಗೆ? ಗೋವೆಯ ಕೆಲವು ಟಿಪ್ಪಣಿಗಳು

ಪಣಜಿ ಬಸ್ ನಿಲ್ದಾಣ, ಬೆಳಗಿನ ಹೊತ್ತು. ಅನಮೋಡ ಘಟ್ಟದ ಕುಲುಕಾಟ ಇನ್ನೂ ಸೊಂಟದಲ್ಲಿದೆ. ಎದುರಿಗೆ ನಿಂತ ಸರ್ಕಾರಿ ಬಸ್ಸುಗಳ ಮೈಮೇಲೆಲ್ಲ ‘ಕದಂಬ’ ಎಂಬ ಹೆಸರು. ನಮ್ಮ ಬನವಾಸಿಯವರದು ಎಂದು ಒಳಗೊಳಗೇ ಹಿಗ್ಗಿದೆ. ಗೋವೆಯವರು ತಮ್ಮ ಕದಂಬರದು ಎನ್ನುತ್ತಾರೆ. ಇರಲಿ, ಇಬ್ಬರದೂ ಸರಿ. ಬಸ್ಸಿನಲ್ಲಿ ಪಕ್ಕದ ಸೀಟಿನವರು “ಗೋವಾಕ್ಕ ಯಾಕ ಹೊಂಟೀರಿ?” ಎಂದು ಕೇಳಿದ್ದರು. ತತ್ತ್ವಶಾಸ್ತ್ರದ ಪಾಠ ಅಲ್ಲಿ ಎಲ್ಲೆಲ್ಲಿ ನಡೀತದ ನೋಡಲಿಕ್ಕೆ ಅಂದೆ. ಅವರು ನನ್ನ ಚೀಲವನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, ಲೋಂಡಾ ದಾಟುವವರೆಗೂ ಮಾತಾಡಲಿಲ್ಲ.

*

ಲೆಕ್ಕ ಹಾಕಿದರೆ ನಾಲ್ಕು ಕಡೆ. ತಾಳಗಾಂವ್ ಗುಡ್ಡದ ಮೇಲೆ ಗೋವಾ ವಿಶ್ವವಿದ್ಯಾಲಯ, 1985ರದು. ಸಾಲ್ಸೆಟ್ ತಾಲ್ಲೂಕಿನ ರಾಚೋಲ್‌ನಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿ. ಅಲ್ಲಿ ದೇವತಾಶಾಸ್ತ್ರ ಓದುವ ಮೊದಲು ಹುಡುಗರು ಫಿಲಾಸಫಿ ಮುಗಿಸಬೇಕು. ಫೋಂಡಾ ಪಕ್ಕದ ಕವಳೆಯಲ್ಲಿ ಗೌಡಪಾದಾಚಾರ್ಯರ ಹೆಸರಿನ ಅದ್ವೈತ ಮಠ. ದಕ್ಷಿಣಕ್ಕೆ ಕಾಣಕೋಣದ ಪರ್ತಗಾಳಿಯಲ್ಲಿ ಮಾಧ್ವ ಮಠ. ಕವಳೆ, ಪರ್ತಗಾಳಿ ಎರಡರ ಶಿಷ್ಯರೂ ಸಾರಸ್ವತರೇ. ಜಗತ್ತು ಮಿಥ್ಯೆಯೋ ಸತ್ಯವೋ ಎಂಬಲ್ಲಿ ಮಾತ್ರ ಎರಡು ಮನೆ. ಮೀನಿನ ಸಾರಿನ ವಿಷಯದಲ್ಲಿ ಅಷ್ಟು ಭೇದ ಇದ್ದಂತಿಲ್ಲ.

ನಾಲ್ಕನ್ನೂ ಒಂದೇ ದಿನದಲ್ಲಿ ಬಸ್ಸಿನಲ್ಲೇ ಮುಟ್ಟಿ ಬರಬಹುದು. ಒಂದು ಕಡೆ ಓದುವವರು ಇನ್ನೊಂದು ಕಡೆ ಹೋಗಿ ಕೂತದ್ದು ನನ್ನ ಕಣ್ಣಿಗಂತೂ ಬೀಳಲಿಲ್ಲ.

*

ಮೊದಲ ಗೊಂದಲ, ವಿಶೇಷಣದ್ದು. ನಮ್ಮ ದೇಶದ ಯಾವುದೇ ಫಿಲಾಸಫಿ ವಿಭಾಗದ ಪಠ್ಯಕ್ರಮ ತೆಗೆದು ನೋಡಿ. ಶಂಕರ, ನಾಗಾರ್ಜುನ, ಗಂಗೇಶರು ‘ಭಾರತೀಯ ತತ್ತ್ವಶಾಸ್ತ್ರ’ ಎಂಬ ಹಣೆಪಟ್ಟಿಯ ಕೆಳಗಿರುತ್ತಾರೆ. ಆದರೆ ‘ನೀತಿಶಾಸ್ತ್ರ’, ‘ತರ್ಕ’, ‘ಮನಸ್ಸಿನ ತತ್ತ್ವಶಾಸ್ತ್ರ’ ಎಂದು ಬರಿದೇ ಬರೆದಿದ್ದರೆ ಒಳಗೆ ಕಾಂಟ್, ರಸೆಲ್ ಕೂತಿರುತ್ತಾರೆ. ಹೋಟೆಲ್ಲಿನ ಬೋರ್ಡಿನಲ್ಲಿ ‘ಊಟ’ ಮತ್ತು ‘ಸೌತ್ ಇಂಡಿಯನ್ ಊಟ’ ಎಂದು ಬೇರೆ ಬೇರೆ ಬರೆದ ಹಾಗೆ. ಅದೂ ಮೈಸೂರಿನ ಹೋಟೆಲ್ಲಿನಲ್ಲಿ.

2016ರಲ್ಲಿ ಜೇ ಗಾರ್ಫೀಲ್ಡ್ ಮತ್ತು ಬ್ರಯನ್ ವ್ಯಾನ್ ನಾರ್ಡನ್ ಎಂಬ ಇಬ್ಬರು ಪ್ರಾಧ್ಯಾಪಕರು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಇದನ್ನೇ ತಿರುವಿ ಹಾಕಿದರು. ಯುರೋಪು-ಅಮೆರಿಕ ಬಿಟ್ಟು ಬೇರೇನೂ ಕಲಿಸುವುದಿಲ್ಲ ಎನ್ನುವುದಾದರೆ ಹಾಗೇ ಮಾಡಿ, ಆದರೆ ಬಾಗಿಲ ಮೇಲಿನ ಬೋರ್ಡನ್ನು ‘ಯುರೋಪಿಯನ್ ಮತ್ತು ಅಮೆರಿಕನ್ ತತ್ತ್ವಶಾಸ್ತ್ರ ವಿಭಾಗ’ ಎಂದು ಬದಲಿಸಿ ಎಂದರು. ಅಲ್ಲಿ ದೊಡ್ಡ ಗದ್ದಲವಾಯಿತು. ಇಲ್ಲಿ ಯಾರಿಗೂ ಬಿಸಿ ತಾಗಲಿಲ್ಲ. ಬೋರ್ಡು ಬದಲಿಸುವುದೆಂದರೆ ನಮ್ಮಲ್ಲಿ ಟೆಂಡರ್ ಕರೆಯಬೇಕಲ್ಲ.

ಕನ್ನಡದ ಮಾತೂ ಬರೆದಿಟ್ಟುಕೊಳ್ಳುವೆ: ಯಾರಾದರೂ ಉದ್ದಕ್ಕೆ ಕೊರೆದರೆ “ವೇದಾಂತ ಹೇಳಬೇಡ ಮಾರಾಯ” ಅನ್ನುತ್ತೇವೆ. “ಕಾಂಟ್ ಹೇಳಬೇಡ” ಎಂದು ಯಾರೂ ಅಂದದ್ದಿಲ್ಲ. ಬೈಗುಳಕ್ಕಾದರೂ ವೇದಾಂತ ಬಳಕೆಯಲ್ಲಿದೆ.

*

ಹಳೆ ಗೋವಾ. ಸಂತ ಪೌಲರ ಕಾಲೇಜಿನದು ಈಗ ಒಂದು ಕಮಾನು ಮಾತ್ರ ಉಳಿದಿದೆ. ಬಾಮ್ ಜೀಸಸ್ ಬೆಸಿಲಿಕಾದಲ್ಲಿ ಸರತಿ ನಿಂತವರು ಇತ್ತ ಬರುವುದಿಲ್ಲ. ನಾನು ಬಂದದ್ದು ಇದಕ್ಕೇ.

1556ರ ಮಾರ್ಚಿನಲ್ಲಿ ಲಿಸ್ಬನ್ನಿನಿಂದ ಹೊರಟ ಹಡಗೊಂದರಲ್ಲಿ ಮುದ್ರಣ ಯಂತ್ರವಿತ್ತು. ಹೋಗಬೇಕಾದದ್ದು ಅಬಿಸೀನಿಯಾಕ್ಕೆ, ಅಂದರೆ ಇಂದಿನ ಇಥಿಯೋಪಿಯಾಕ್ಕೆ. ಸೆಪ್ಟೆಂಬರಿನಲ್ಲಿ ಗೋವೆ ಮುಟ್ಟಿತು. ಅಬಿಸೀನಿಯಾದ ದೊರೆಗೆ ಪಾದ್ರಿಗಳು ಬೇಡವಾಗಿದ್ದರು, ಯಂತ್ರ ಈ ಕಾಲೇಜಿನಲ್ಲೇ ಉಳಿಯಿತು. ಅದೇ ವರ್ಷ ಅದರಲ್ಲಿ ಮೊದಲು ಅಚ್ಚಾದದ್ದು ಬೈಬಲ್ಲೂ ಅಲ್ಲ, ಪ್ರಾರ್ಥನೆಯೂ ಅಲ್ಲ, ‘ಕೊಂಕ್ಲುಜೋಯಿಶ್’. ಪಂಡಿತರು ಸಭೆಯಲ್ಲಿ ಎತ್ತಿಹಿಡಿದು ವಾದಿಸಬೇಕಾದ ಪ್ರತಿಜ್ಞೆಗಳ ಹಾಳೆಗಳು. ನಮ್ಮ ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ವಾದಸಭೆಯ ಪಕ್ಷಪತ್ರ. ಭಾರತದ ನೆಲದಲ್ಲಿ ಅಚ್ಚುಮೊಳೆ ಮೊದಲು ಒತ್ತಿದ್ದು ವಾದದ ಹಾಳೆಯ ಮೇಲೆ! ಒಂದು ಪ್ರತಿಯೂ ಉಳಿದಿಲ್ಲ. ನಾಲ್ಕೇ ವರ್ಷಕ್ಕೆ, 1560ರಲ್ಲಿ, ಇದೇ ಊರಿಗೆ ಇನ್‌ಕ್ವಿಸಿಷನ್ ಬಂತು. ವಾದದ ಹಾಳೆ ಮತ್ತು ವಿಚಾರಣೆಯ ಕೋಣೆ, ನಡುವೆ ಅರ್ಧ ಹರದಾರಿ ಇದ್ದೀತು.

*

ರಾಚೋಲ್‌ಗೆ ಹೋಗುವ ದಾರಿಯಲ್ಲಿ, ಝುವಾರಿ ಸೇತುವೆಗೆ ಮುಂಚೆ ಅಗಶಿ. ಇಲ್ಲಿನ ಬದನೆಕಾಯಿ ಗೋವೆಯಲ್ಲಿ ಹೆಸರುವಾಸಿ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂಬ ಗಾದೆ ತಾನಾಗಿ ಬಾಯಿಗೆ ಬಂತು. ಒಂದು ಕಿಲೋ ಕೊಂಡೆ. ಸೆಮಿನರಿಗೆ ಬದನೆಕಾಯಿ ಹಿಡಿದುಕೊಂಡು ಹೋದ ಮೊದಲ ಕನ್ನಡಿಗ ನಾನೇ ಇರಬೇಕು.

ರಾಚೋಲ್‌ನಲ್ಲಿ ಎರಡನೆಯ ಗೊಂದಲ. ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಜೆಸ್ಯುಯಿಟ್ 1579ರಲ್ಲಿ ಗೋವೆಗೆ ಬಂದ. ಏಸುವಿನ ಕಥೆಯನ್ನು ಹತ್ತು ಸಾವಿರಕ್ಕೂ ಮಿಕ್ಕ ಮರಾಠಿ ಓವಿಗಳಲ್ಲಿ ಹಾಡಿದ. ‘ಕ್ರಿಸ್ತಪುರಾಣ’ 1616ರಲ್ಲಿ ಇಲ್ಲೇ ಅಚ್ಚಾಯಿತು. ಕೊಂಕಣಿಗೆ ಅವನೇ ಬರೆದ ವ್ಯಾಕರಣ ಅವನು ಸತ್ತ ಮೇಲೆ, 1640ರಲ್ಲಿ ಹೊರಬಂತು. ಅದರ ಶೀರ್ಷಿಕೆಯಲ್ಲಿ ಕೊಂಕಣಿ ಎಂದಿಲ್ಲ, ‘ಕನಾರಿಂ’ ಭಾಷೆ ಎಂದಿದೆ. ಪೋರ್ತುಗೀಸರಿಗೆ ಕೊಂಕಣಿಯೂ ಕನಾರಿಂ, ಗೋವೆಯ ಜನರೂ ಕನಾರಿಂ. ಗ್ರಂಥಾಲಯದ ಸೂಚಿಯಲ್ಲಿ ಅದನ್ನು ಕಂಡು ಹಳೆಗನ್ನಡ ವ್ಯಾಕರಣ ಸಿಕ್ಕಿತೆಂದು ಒಮ್ಮೆ ನಾನೇ ಕುಣಿದಿದ್ದೆ. ಆಮೇಲೆ 1684ರಲ್ಲಿ ವೈಸರಾಯ್ ಒಬ್ಬ ಮೂರು ವರ್ಷದೊಳಗೆ ಜನ ಈ ಭಾಷೆ ಬಿಟ್ಟು ಪೋರ್ತುಗೀಸು ಆಡಬೇಕೆಂದು ಕಟ್ಟಪ್ಪಣೆ ಮಾಡಿದ. ಜನ ಬಿಡಲಿಲ್ಲ. ಪಂಡಿತರು ಬಿಟ್ಟರು.

*

ಪಣಜಿಗೆ ವಾಪಸ್. ಆದಿಲ್‌ಶಾಹಿ ಅರಮನೆಯ ಪಕ್ಕ ಅಬ್ಬೆ ಫಾರಿಯಾನ ಪ್ರತಿಮೆ: ಎರಡೂ ಕೈ ಚಾಚಿದ ಪಾದ್ರಿ, ಕೆಳಗೆ ಒರಗಿದ ಹೆಂಗಸು. ಮಾಟ ಮಾಡುತ್ತಿದ್ದಾನೆ ಎಂದು ಮಕ್ಕಳು ಹೆದರುತ್ತವೆ. ಕಾಂದೋಳಿಯಲ್ಲಿ 1756ರಲ್ಲಿ ಹುಟ್ಟಿದ ಈತ 1811ರಲ್ಲಿ ಫ್ರಾನ್ಸಿನ ನೀಮ್ ಊರಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕ. ಅಂದರೆ ನಮ್ಮ ಕರಾವಳಿಯವನೊಬ್ಬ ಯುರೋಪಿನವರಿಗೆ ವಿಶೇಷಣವಿಲ್ಲದ ಫಿಲಾಸಫಿಯನ್ನೇ ಕಲಿಸಿದ. ಸಂಮೋಹನದ ನಿದ್ದೆ ಬರುವುದು ಯಾವುದೋ ಅಯಸ್ಕಾಂತ ದ್ರವದಿಂದಲ್ಲ, ಮಲಗುವವನ ಮನಸ್ಸಿನಿಂದಲೇ ಎಂದು ವಾದಿಸಿದ. ಆ ಪುಸ್ತಕ 1819ರದು. ಅದೇ ವರ್ಷ ತೀರಿಕೊಂಡ.

ಗೋವೆಯವರಿಗೆ ನೆನಪಿರುವುದು ಬೇರೆಯೇ ಕಥೆ. ಲಿಸ್ಬನ್ನಿನಲ್ಲಿ ರಾಣಿಯ ಎದುರು ಉಪದೇಶ ಮಾಡಲು ನಿಂತವನಿಗೆ ಬಾಯಿ ಕಟ್ಟಿಹೋಯಿತಂತೆ. ಕೆಳಗೆ ಕೂತ ಅಪ್ಪ ಮೆಲ್ಲಗೆ, “ಹಿ ಸಗಳಿ ಭಾಜಿ, ಕಾತರ್ ರೇ ಭಾಜಿ” ಎಂದನಂತೆ. ಇವರೆಲ್ಲ ಬರೀ ಸೊಪ್ಪು ತರಕಾರಿ ಕಣೋ, ಕೊಚ್ಚಿಹಾಕು. ಮಾತು ಹರಿಯಿತು. ನಿಜವೋ ಕಟ್ಟುಕಥೆಯೋ, ಲ್ಯಾಟಿನ್ನು, ಪೋರ್ತುಗೀಸು ಕೈಕೊಟ್ಟಾಗ ಕೈಹಿಡಿದದ್ದು ಕೊಂಕಣಿ ಎಂಬುದನ್ನು ಊರು ಮರೆತಿಲ್ಲ.

*

ಸಾಂಖವಾಳ. ಇಲ್ಲಿ 1876ರಲ್ಲಿ ಹುಟ್ಟಿದ ಧರ್ಮಾನಂದ ಕೋಸಂಬಿ ಬುದ್ಧನನ್ನು ಹುಡುಕಿ ಮನೆ ಬಿಟ್ಟು ಕಾಶಿ, ನೇಪಾಳ, ಸಿಂಹಳ ಸುತ್ತಿ ಪಾಳಿ ಕಲಿತರು. ‘ವಿಸುದ್ಧಿಮಗ್ಗ’ದ ಸಂಪಾದನೆಗೆ ಹಾರ್ವರ್ಡ್ ಕರೆಸಿಕೊಂಡಿತು. ಗ್ರಂಥ ಹೊರಬಂದದ್ದು 1950ರಲ್ಲಿ, ಅವರು ಸೇವಾಗ್ರಾಮದಲ್ಲಿ ಅನ್ನ ಬಿಟ್ಟು ದೇಹ ತ್ಯಜಿಸಿ ಮೂರು ವರ್ಷವಾದ ಮೇಲೆ. ಈಗ ಆ ಊರಿನ ಮಗ್ಗುಲಲ್ಲೇ ಝುವಾರಿನಗರ. ವಿಜಯಪುರ, ಬಾಗಲಕೋಟೆ, ಗದಗಿನಿಂದ ದುಡಿಯಲು ಬಂದವರ ಕನ್ನಡ ರಸ್ತೆಯುದ್ದಕ್ಕೂ ಕೇಳುತ್ತದೆ. ಚಹಾದಂಗಡಿಯ ಅಜ್ಜನಿಗೆ ಕೋಸಂಬಿ ಹೆಸರು ಹೇಳಿದೆ. “ಅವ್ರು ಎಲ್ಲಿ ಕೆಲ್ಸ ಮಾಡ್ತಿದ್ರ್ಯಪಾ?” ಅಂದ. ಅಮೆರಿಕಾದಾಗ ಅಂದೆ. “ಹಂಗಾರ ಮನಿ ಕಟ್ಟಿಸಿರಬೇಕು” ಅಂದ.

*

ಕೊನೆಯ ಟಿಪ್ಪಣಿ, ವಾಪಸ್ ಬಸ್ಸಿನಲ್ಲಿ. 1983ರಲ್ಲಿ ಪುಣೆಯಲ್ಲಿ ದಯಾಕೃಷ್ಣ, ಮೇ.ಪುಂ. ರೇಗೆ ಮೊದಲಾದವರು ನ್ಯಾಯಶಾಸ್ತ್ರದ ಪಂಡಿತರನ್ನೂ ಇಂಗ್ಲಿಷಿನಲ್ಲಿ ಓದಿದ ಫಿಲಾಸಫಿ ಮೇಷ್ಟರನ್ನೂ ಎದುರುಬದುರು ಕೂರಿಸಿದರು. ರಸೆಲ್ಲನ ‘ಪ್ರೊಪೊಸಿಷನ್’ ವಿಚಾರವನ್ನು ಸಂಸ್ಕೃತಕ್ಕೆ ತಂದು ಪಂಡಿತರ ಮುಂದಿಟ್ಟರು. ‘ಸಂವಾದ’ ಎಂದು ಅದು 1991ರಲ್ಲಿ ಪುಸ್ತಕವಾಯಿತು. ನಮ್ಮ ಧಾರವಾಡದಲ್ಲಿ ಕೆ.ಜೆ. ಶಾ ಇದ್ದರು, ಕೇಂಬ್ರಿಜ್‌ನಲ್ಲಿ ವಿಟ್‌ಗೆನ್‌ಸ್ಟೈನನ ಪಾಠ ಕೇಳಿ, 1946-47ರ ಆ ಪಾಠಗಳ ಟಿಪ್ಪಣಿ ಮಾಡಿಕೊಂಡ ಮೂವರಲ್ಲಿ ಒಬ್ಬರು. ಊರಿಗೆ ಬಂದು ಅರ್ಥಶಾಸ್ತ್ರ, ಗಾಂಧಿ ಎಂದು ಯೋಚಿಸಿದರು. ಅವರಿಗೆ ಅದೂ ಇದೂ ಒಂದೇ ಮೇಜಿನ ಮೇಲಿತ್ತು.

ಗೋವೆಯಲ್ಲಿ ಅಷ್ಟು ಕಷ್ಟವೇ ಬೇಡ. ವಿಶ್ವವಿದ್ಯಾಲಯ ಇಂಗ್ಲಿಷಿನಲ್ಲಿ ಪಾಠ ಹೇಳುತ್ತದೆ, ಮಠಗಳು ಸಂಸ್ಕೃತದಲ್ಲಿ, ಸೆಮಿನರಿಯ ಹಿಂದೆ ಲ್ಯಾಟಿನ್ನು. ಆದರೆ ನಾಲ್ಕೂ ಕಡೆಯ ಹೆಚ್ಚಿನವರು ಮನೆಯಲ್ಲಿ ಅಮ್ಮನ ಹತ್ತಿರ ಆಡುವುದು ಕೊಂಕಣಿ. ಆ ಭಾಷೆಯಲ್ಲಿ ಒಂದು ದಿನ ಕೂತು ವಾದ ಮಾಡಿದರೆ ಆಗದೇ?

ವಿಷಯವೂ ಸಿದ್ಧವಿದೆ. 1619ರಲ್ಲಿ ಇದೇ ಗೋವೆಯಲ್ಲಿ ಪಾದ್ರಿಗಳ ದೊಡ್ಡ ಸಭೆ ಸೇರಿತ್ತು. ಕ್ರೈಸ್ತನಾದ ಬ್ರಾಹ್ಮಣ ಜನಿವಾರ, ಜುಟ್ಟು ಇಟ್ಟುಕೊಳ್ಳಬಹುದೇ? ಅದು ಮತದ ಗುರುತೋ, ಬರೀ ಲೋಕಾಚಾರವೋ? ಮಧುರೆಯಲ್ಲಿದ್ದ ಪಾದ್ರಿ ದೆ ನೊಬಿಲಿ ಲೋಕಾಚಾರ ಎಂದ. ಗೋವೆಯ ಆರ್ಚ್‌ಬಿಷಪ್ ಒಪ್ಪಲಿಲ್ಲ. 1623ರಲ್ಲಿ ಪೋಪ್ ನೊಬಿಲಿಯ ಪರವಾಗಿ ತೀರ್ಪು ಕೊಟ್ಟ. ಮತ ಎಂಬುದು ಎಲ್ಲ ಸಂಸ್ಕೃತಿಗಳಲ್ಲೂ ಇದೆಯೇ ಎಂಬ ಪ್ರಶ್ನೆಯನ್ನು 1994ರ ಗ್ರಂಥದಲ್ಲಿ ಬೆಲ್ಜಿಯಮ್ಮಿನ ಗೆಂಟ್‌ನಿಂದ ಮತ್ತೆ ಎತ್ತಿದವರು ಬೆಂಗಳೂರಿನವರೇ ಆದ ಎಸ್.ಎನ್. ಬಾಲಗಂಗಾಧರ. ಅವರನ್ನು ಒಪ್ಪುವವರೂ ಬಯ್ಯುವವರೂ ಕನ್ನಡದಲ್ಲಿ ಬೇಕಾದಷ್ಟಿದ್ದಾರೆ. ನಾನು ಯಾವ ಕಡೆ ಎಂದು ಇನ್ನೂ ತೀರ್ಮಾನಿಸಿಲ್ಲ.

ರಾಚೋಲ್‌ನವರೋ ಕವಳೆಯವರೋ ಪರ್ತಗಾಳಿಯವರೋ ತಾಳಗಾಂವಿನವರೋ, ಯಾರಾದರೂ ಒಬ್ಬರು ಕರೆಯಲಿ. ಕೇಳಲು ನಾವು ಬರುತ್ತೇವೆ. ಕೊಂಕಣಿ ಅರ್ಧ ಅರ್ಥವಾಗುತ್ತದೆ. ಉಳಿದರ್ಧವನ್ನು ಪಕ್ಕದಲ್ಲಿ ಕೂತ ಕಾರವಾರದವರನ್ನು ಕೇಳಿಕೊಳ್ಳುತ್ತೇವೆ.