ಯಾವ ಸೀಮೆ ಮರ್ಯಾದೆ?

ಅರಬೈಲ್ ಘಟ್ಟದ ಕಡೆ ಹುಡುಗರ ಗಾಂಜಾ ಸುದ್ದಿ ಬಂದರೆ ಸಾಕು, ತಪ್ಪೆಲ್ಲ ಹೊರಗಿನವರ ತಲೆಗೆ. ‘ಲಾರಿಯವರು ತಂದರು’, ‘ಗೋಕರ್ಣದ ಬೀಚಿಂದ ಬಂತು’. ಇರಬಹುದು. ಅಂಕೋಲಾ-ಹುಬ್ಬಳ್ಳಿ ಹೆದ್ದಾರಿಯಲ್ಲಿ ರಾತ್ರಿ ಏನೇನು ಘಟ್ಟ ಹತ್ತಿಳಿಯುತ್ತದೋ ಯಾರು ಕಂಡರು? ಆದರೆ ಗೂಡಂಗಡಿಯಲ್ಲಿ ಗುಟ್ಕಾ ಸರದ ಪಕ್ಕ ನೇತಾಡುವ ತೆಳು ಕಾಗದದ ಪೊಟ್ಟಣ ಯಾರಿಗಾಗಿ? ತಂಬಾಕು ಸುತ್ತಿಕೊಂಡು ಸೇದುವ ಅಜ್ಜಂದಿರು ಈಗ ಎಷ್ಟು ಜನ ಇದ್ದಾರೆ? ಕೊಳ್ಳುವವನಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿಲ್ಲ, ಜೇಬಲ್ಲಿ ಕೆಂಪು ಕಣ್ಣಿಗೆ ಹಾಕುವ ಡ್ರಾಪ್ಸ್ ಬೇರೆ. ಅಂಗಡಿಯವನಿಗೆ ಗೊತ್ತು, ಊರಿಗೂ ಗೊತ್ತು.

ಮನೆಯವರಿಗೂ ಗೊತ್ತಾಗುತ್ತದೆ, ತುಸು ತಡವಾಗಿ. ಆಗ ಶುರು ಮುಚ್ಚಿಡುವ ಕೆಲಸ. ಮೊದಲೇ ತೋಟದ ಮನೆಯ ಹುಡುಗರಿಗೆ ಹೆಣ್ಣು ಸಿಗದ ಕಾಲ; ಇನ್ನು ಪೊಲೀಸ್ ಕೇಸೂ ಆದರೆ ಮುಗಿಯಿತು ಎಂಬ ಹೆದರಿಕೆ.

ಆದರೆ 1985ರ ಎನ್‌ಡಿಪಿಎಸ್ ಕಾಯ್ದೆ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕುವುದಿಲ್ಲ. 20 ಕೆ.ಜಿ.ಗಿಂತ ಹೆಚ್ಚು ಗಾಂಜಾ ಸಾಗಿಸಿದವನಿಗೆ ಕನಿಷ್ಠ 10 ವರ್ಷ ಜೈಲು. ಅದೇ ಕಾಯ್ದೆಯ 64ಎ ಕಲಂ ಮಾತ್ರ, ಚಟಕ್ಕೆ ಬಿದ್ದವನು ತಾನಾಗಿ ಮಾನ್ಯತೆ ಪಡೆದ ಕೇಂದ್ರಕ್ಕೆ ಹೋಗಿ ಚಿಕಿತ್ಸೆ ಪೂರೈಸಿದರೆ, ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ವಿನಾಯಿತಿ ಕೊಡುತ್ತದೆ. ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಮನೆಯವರೂ ಫೋನ್ ಮಾಡಬಹುದು, ದುಡ್ಡು ಬೇಡ.

ಕಾನೂನೇ ಬಾಗಿಲು ತೆರೆದಿಟ್ಟಿರುವಾಗ ನಾವು ಚಿಲಕ ಹಾಕಿ ಕೂತಿದ್ದೇವೆ. ನಾಲ್ಕು ಜನರ ಬಾಯಿಗೆ ಹೆದರಿ ಮನೆ ಹುಡುಗನನ್ನೇ ಕಳೆದುಕೊಳ್ಳುವುದು ಯಾವ ಸೀಮೆ ಮರ್ಯಾದೆ ಮಾರಾಯ್ರೇ?