ಗುಬ್ಬಿ ಪುಟ ಕುಣಿಗಲ್‌ಗೆ ಹೋಗಲ್ಲ

ನಾವು ಸುದ್ದಿ ಕಳಿಸುವ ಪತ್ರಿಕೆಯಲ್ಲಿ ಒಂದು ಪುಟ ತಾಲ್ಲೂಕಿಗೆ ತಕ್ಕ ಹಾಗೆ ಬದಲಾಗುತ್ತೆ. ಗುಬ್ಬಿಯ ಸುದ್ದಿ ಗುಬ್ಬಿಯವರಿಗೆ, ಕುಣಿಗಲ್‌ನದು ಕುಣಿಗಲ್‌ನವರಿಗೆ. ಜಾತ್ರೆ, ಹಾಲಿನ ಡೇರಿ ಚುನಾವಣೆ, ಚಿರತೆ ಬೋನಿಗೆ ಬಿದ್ದದ್ದು, ಇಂಥದಕ್ಕೆಲ್ಲ ತೊಂದರೆಯೇನಿಲ್ಲ. ಗುಬ್ಬಿಯ ಚಿರತೆ ಕಟ್ಟಿಕೊಂಡು ಕುಣಿಗಲ್‌ನವರಿಗೆ ಏನಾಗಬೇಕು? ನೀರಿನ ಸುದ್ದಿಗೆ ಮಾತ್ರ ಈ ಲೆಕ್ಕ ಒಗ್ಗಲ್ಲ.

ಹೇಮಾವತಿ ಕಥೆ ನಿಮಗೆಲ್ಲ ಗೊತ್ತಿರೋದೇ. ಹಾಸನ ಜಿಲ್ಲೆ ಗೊರೂರು ಅಣೆಕಟ್ಟಿನಿಂದ ನಮ್ಮ ಜಿಲ್ಲೆಗೆ ನಾಲೆ ಬರುತ್ತೆ. ತುಮಕೂರು ಪೇಟೆಯವರು ನಲ್ಲಿ ತಿರುಗಿಸಿದರೆ ಬರೋದೂ ಬುಗುಡನಹಳ್ಳಿ ಕೆರೆಗೆ ತುಂಬಿಸಿದ ಅದೇ ಹೇಮಾವತಿ. ಕುಣಿಗಲ್ ಇರೋದು ನಾಲೆಯ ಕಟ್ಟಕಡೆಗೆ. ಕಡೆಯವರಿಗೆ ನೀರು ತಲುಪೋ ಹೊತ್ತಿಗೆ ಮೇಲಿನವರ ಕೆರೆ ತುಂಬಿರುತ್ತೆ, ಇಲ್ಲವೇ ನಾಲೆ ನಿಂತಿರುತ್ತೆ. ಅದಕ್ಕೆ ಗುಬ್ಬಿ ತಾಲ್ಲೂಕಿನಿಂದಲೇ ನೇರವಾಗಿ ಪೈಪಿನಲ್ಲಿ ಕುಣಿಗಲ್ ಕಡೆಗೆ ನೀರು ಒಯ್ಯೋಣ ಅನ್ನೋದೇ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್. ‘ನಮ್ಮ ಪಾಲು ನಮಗೆ ಬಂದಿಲ್ಲ’ ಅಂತ ಕುಣಿಗಲ್‌ನವರು. ‘ನಾಲೆಗೆ ಮಧ್ಯದಲ್ಲಿ ತೂತು ಕೊರೆದರೆ ನಮಗೇನು ಉಳಿಯುತ್ತೆ, ಕುಣಿಗಲ್ ಹೆಸರಲ್ಲಿ ಮಾಗಡಿ ಕಡೆಗೆ ಹೊಡೆದುಕೊಂಡು ಹೋಗ್ತಾರೆ’ ಅಂತ ಗುಬ್ಬಿಯವರು. 2025ರ ಮೇ 31ರಂದು ಗುಬ್ಬಿ ತಾಲ್ಲೂಕಿನ ಸುಂಕಾಪುರದ ಹತ್ತಿರ ನಿಷೇಧಾಜ್ಞೆ ಇದ್ದರೂ ರೈತರು ಸೇರಿದರು. ಸ್ವಾಮೀಜಿಗಳೂ ಬಂದಿದ್ದರು. ಆವತ್ತಿನ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತೆ.

ನಮ್ಮ ವಾಸ ತುಮಕೂರು. ತಾಯಿಯ ತವರು ಗುಬ್ಬಿ ಕಡೆ, ಸೋದರಮಾವಂದು ಅಡಿಕೆ ತೋಟ. ಅಕ್ಕನನ್ನು ಕೊಟ್ಟಿರೋದು ಕುಣಿಗಲ್ ಕಡೆ, ಭಾವಂದು ರಾಗಿ, ಒಂದಿಷ್ಟು ತೆಂಗು. ಗುಬ್ಬಿಗೆ ಇಪ್ಪತ್ತು ಕಿಲೋಮೀಟರ್, ಕುಣಿಗಲ್‌ಗೆ ಅದರ ಎರಡರಷ್ಟಿಗೆ ಸ್ವಲ್ಪ ಕಮ್ಮಿ. ಪ್ರಕಟವಾದ ಸುದ್ದಿಗಿಷ್ಟು ಅಂತ ದುಡ್ಡು ಕೊಡ್ತಾರೆ, ಪೆಟ್ರೋಲ್ ನಮ್ಮದೇ. ಹಾಗಾಗಿ ಎಲ್ಲಿ ಹೋದರೂ ಊಟ ನೆಂಟರ ಮನೆಯಲ್ಲಿ. ಸ್ಟ್ರಿಂಗರ್ ಕೆಲಸ ನಡೆಯೋದೇ ನೆಂಟರ ಅನ್ನದ ಮೇಲೆ ಅಂದರೆ ಸುಳ್ಳಲ್ಲ.

ಅದೇ ವರ್ಷ ಜನವರಿಯಲ್ಲಿ ಈ ಎರಡೂ ಮನೆಯವರು ಒಂದೇ ಪಕ್ಷ. ಬಿಗ್ ಬಾಸ್‌ನಲ್ಲಿ ಹಾವೇರಿ ಕಡೆಯ ಕುರಿಗಾಹಿ ಹಾಡುಗಾರ ಹನುಮಂತ ಗೆಲ್ಲಬೇಕು ಅಂತ ಮಾವನ ಮನೆಯಲ್ಲಿ ಮೂರು ಫೋನು, ಭಾವನ ಮನೆಯಲ್ಲಿ ಎರಡು ಫೋನು ವೋಟು ಒತ್ತಿದವು. ಗೆದ್ದಾಗ ಭಾವ ಮಾವನಿಗೆ ಫೋನ್ ಮಾಡಿ, ‘ನಮ್ಮ ಹಳ್ಳಿ ಹೈದ ಗೆದ್ದ ನೋಡಿ’ ಅಂದರಂತೆ. ಹನುಮಂತನ ಊರಿಗೆ ಇಬ್ಬರೂ ಕಾಲಿಟ್ಟವರಲ್ಲ.

ಜೂನ್ ಹೊತ್ತಿಗೆ ಅದೇ ಫೋನುಗಳಲ್ಲಿ ಬೇರೆ ಆಟ. ಒಂದೇ ಪ್ರತಿಭಟನೆಯ ವಿಡಿಯೊವನ್ನು ಎರಡು ಥರ ಕತ್ತರಿಸಿದ್ದರು. ಗುಬ್ಬಿ ಗ್ರೂಪಿನಲ್ಲಿ ಪೊಲೀಸರು ತಳ್ಳಾಡೋ ಭಾಗ, ಹಿಂದೆ ಸಿನಿಮಾ ಹೀರೊ ಎಂಟ್ರಿಯ ಮ್ಯೂಸಿಕ್ಕು. ಕುಣಿಗಲ್ ಗ್ರೂಪಿನಲ್ಲಿ ಪೈಪ್ ಗುಂಡಿಗೆ ಮಣ್ಣು ತಳ್ಳೋ ಭಾಗ, ಹಿಂದೆ ಅಳು ಬರಿಸೋ ಸೀರಿಯಲ್ ಮ್ಯೂಸಿಕ್ಕು. ಒಂದು ತಾಲ್ಲೂಕಿಗೆ ಹೀರೊ, ಇನ್ನೊಂದಕ್ಕೆ ವಿಲನ್. ನಮ್ಮ ಡೆಸ್ಕಿನವರೂ ಫೋನ್ ಮಾಡಿದರೆ ಮೊದಲು ಕೇಳೋದು, ‘ಗಲಾಟೆ ಆಯ್ತಾ? ಜೆಸಿಬಿ ಫೋಟೊ ಇದೆಯಾ?’ ನಾಲೆಯ ಕಡೇ ಊರಿನ ಕೆರೆಗೆ ನೀರು ಬಂದು ಎಷ್ಟು ವರ್ಷ ಆಯ್ತು ಅಂತ ಕೇಳಲ್ಲ. ಅದನ್ನು ಬರೆದು ಕಳಿಸಿದರೆ ಕುಣಿಗಲ್ ಪುಟದ ಮೂಲೆಗೆ ಬೀಳುತ್ತೆ. ನಮ್ಮ ಬೇಜಾರೆಲ್ಲ ಇಲ್ಲೇ: ಅದನ್ನು ಓದಬೇಕಾದ್ದು ಗುಬ್ಬಿಯವರು. ಬೋರ್‌ವೆಲ್ ಬತ್ತಿ ಅಡಿಕೆ ಗಿಡ ಒಣಗೋ ಭಯ ಏನು ಅಂತ ಓದಬೇಕಾದ್ದು ಕುಣಿಗಲ್‌ನವರು. ಆಗ್ತಿರೋದು ಉಲ್ಟಾ. ತನಗೆ ಗೊತ್ತಿರೋ ಸಂಕಟವನ್ನೇ ಪ್ರತಿಯೊಬ್ಬರೂ ದುಡ್ಡು ಕೊಟ್ಟು ಮತ್ತೆ ಓದ್ತಾರೆ.

‘ಇದೆಲ್ಲ ಡ್ರಾಮಾ ಕಣಣ್ಣ’ ಅಂತ ಎರಡೂ ಕಡೆ ಅಂತಾರೆ. ಗುಬ್ಬಿಯಲ್ಲಿ ನಿಂತು ಡ್ರಾಮಾ ಅನ್ನೋದನ್ನ ಬೈಗುಳ ಮಾಡಿಕೊಂಡಿದ್ದು ನೋಡಿದರೆ ಹೊಟ್ಟೆ ಉರಿಯುತ್ತೆ. 1884ರಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಕಂಪನಿಯ ಊರು ಅದು. ‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ ನಾಡನ್ನೆಲ್ಲ ನಗಿಸಿದ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ಸ್ಟೇಜಿಗೆ ತಂದವರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಟಿಸಿದ ರಾಜ್‌ಕುಮಾರ್, ನಮ್ಮ ತಿಪಟೂರಿನ ನರಸಿಂಹರಾಜು, ಇಬ್ಬರೂ ಆ ಕಂಪನಿಯ ಅನ್ನ ಉಂಡವರು. ಆ ಡ್ರಾಮಾ ಊರೂರಿಗೆ ಕ್ಯಾಂಪ್ ಹೋಗುತ್ತಿತ್ತು. ಹೋದ ಊರಲ್ಲೆಲ್ಲ ದುರ್ಯೋಧನ ದುರ್ಯೋಧನನೇ, ಭೀಮ ಭೀಮನೇ. ಈ ಊರಿಗೊಂದು ಆ ಊರಿಗೊಂದು ಅಂತ ಕತೆ ತಿರುಚಿದರೆ ಜನ ಪರದೆ ಹರೀತಿದ್ದರು.

ಜೂನ್‌ನಲ್ಲಿ ಮಾವನ ಮನೆ ಗೃಹಪ್ರವೇಶ ಇತ್ತು. ಅಕ್ಕ ಮಕ್ಕಳ ಜೊತೆ ಬಸ್ಸಿನಲ್ಲಿ ಬಂದಳು, ಭಾವ ಬರಲಿಲ್ಲ. ‘ಕೆಲಸ ಇತ್ತು’ ಅಂದಳು ಅಕ್ಕ. ಅಮ್ಮ ಬಡಿಸುತ್ತಾ ಬಡಿಸುತ್ತಾ, ‘ನೀರಿಗೋಸ್ಕರ ಅಳಿಯನ್ನ ಕಳ್ಕೋಬೇಕಾಯ್ತಲ್ಲ’ ಅಂದದ್ದು ಪಂಕ್ತಿಯಲ್ಲಿ ಕೂತವರಿಗೆಲ್ಲ ಕೇಳಿಸಿತು. ಮಾವ ತಲೆ ಎತ್ತದೆ ಪಾಯಸ ಕಲಸುತ್ತಾ ಕೂತರು.

ಆವತ್ತಿಂದ ನಾವೊಂದು ಅಭ್ಯಾಸ ಇಟ್ಟುಕೊಂಡಿದ್ದೀವಿ. ಬೆಳಿಗ್ಗೆ ತುಮಕೂರಿನಲ್ಲಿ ಪೇಪರ್ ಬಂಡಲ್ ಇಳಿಯೋ ಕಡೆ ಹೋಗಿ, ಎರಡೂ ಪುಟದ ಫೋಟೊ ಹೊಡೆದುಕೊಳ್ಳುತ್ತೀವಿ. ಕುಣಿಗಲ್ ಪುಟ ಮಾವನಿಗೆ, ಗುಬ್ಬಿ ಪುಟ ಭಾವನಿಗೆ. ಮೊದಲ ಹತ್ತು ದಿನ ಇಬ್ಬರದ್ದೂ ನೀಲಿ ಟಿಕ್ ಮಾತ್ರ. ಹನ್ನೊಂದನೇ ದಿನ ಮಾವ ಫೋನ್ ಮಾಡಿದರು.

‘ಅಳಿಯ, ಅದೇನೋ ಕೆರೆ ತೂಬಿನ ಫೋಟೊ ಹಾಕಿದ್ದೀಯಲ್ಲ, ಬೇಲಿಗಿಡ ಬೆಳೆದಿದೆ. ಅದು ನಿನ್ನ ಭಾವನ ಊರಿಂದೇನೋ?’

‘ಪಕ್ಕದ ಊರಿಂದು ಮಾವ.’

ಸ್ವಲ್ಪ ಹೊತ್ತು ಮಾತಿಲ್ಲ. ‘ಅಷ್ಟು ಒಣಗಿದೆ ಅಂತ ಗೊತ್ತಿರಲಿಲ್ಲ ಕಣೋ’ ಅಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, ‘ಆದ್ರೂ ಪೈಪ್ ಬ್ಯಾಡ. ನಾಲೆ ರಿಪೇರಿ ಮಾಡಿ ಕೊಡ್ಲಿ’ ಅಂದರು.

ಅದನ್ನು ಹಾಗೇ ಭಾವನಿಗೆ ಹೇಳಿದೆವು. ‘ರಿಪೇರಿ ಮಾಡ್ತಾನೇ ಇದ್ದಾರಲ್ಲ, ನಮ್ಮಪ್ಪನ ಕಾಲದಿಂದ’ ಅಂದರು ಭಾವ. ಫೋನ್ ಇಡೋ ಮುಂಚೆ, ಮಾವನ ಮಂಡಿ ನೋವು ಹೇಗಿದೆ ಅಂತ ಕೇಳಿದರು.